"ನಾವು ಆ ಥರದವರಲ್ಲ" ಅಂದವನು ನಾನೇ

ಕಳೆದ ತಿಂಗಳು ನಮ್ಮ ಹೈಸ್ಕೂಲ್ ವಾಟ್ಸ್ಯಾಪ್ ಗ್ರೂಪಿನಲ್ಲಿ ಒಬ್ಬ ಫಾರ್ವರ್ಡ್ ಹಾಕಿದ. ಅಕ್ಕಿ ಮೂಟೆಗೆ ಧರ್ಮ ಮಾರಿಕೊಂಡವರು ಅಂತ ಒಂದು ಕಾರ್ಟೂನು. ಕೆಳಗೆ ಸಾಲು ಸಾಲು ನಗುವ ಮುಖಗಳು. ಗ್ರೂಪಿನಲ್ಲಿ ಕ್ರೈಸ್ತರು ಅಂತ ಇರುವುದು ಮೂವರು, ಇಬ್ಬರು ಸುಮ್ಮನಿದ್ದರು. ನಾನು ಬುದ್ಧಿವಂತನಲ್ಲವಾ, ಬರೆದೆ: "ಮಾರಾಯ, ನಾವು ಆ ಥರದವರಲ್ಲ. ನಮ್ಮದು ಗೋವಾದಿಂದ ಬಂದ ಹಳೇ ಮನೆತನ. ಮತಾಂತರ ಗಿತಾಂತರ ಎಲ್ಲ ಈ ಪ್ರೇಯರ್ ಹಾಲ್‌ನವರದ್ದು." ಅವನು "ನಿನಗೆ ಹೇಳಿದ್ದಲ್ಲ ಮಾರಾಯ" ಅಂತ ಕೈಮುಗಿದ ಚಿತ್ರ ಹಾಕಿದ. ಅಲ್ಲಿಗೆ ಮುಗಿಯಿತು. ನನಗೆ ಒಳಗೊಳಗೇ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಆ ಖುಷಿಯ ಬಗ್ಗೆ ಬರೆಯಲೆಂದೇ ಇವತ್ತು ಕೂತದ್ದು.

ಬೆಂಗಳೂರಿನ ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಅಂಥದೇ ಒಂದು ಪ್ರೇಯರ್ ಹಾಲ್‌ಗೆ ಹೋಗುವವರು. ಮಗಳ ಹುಟ್ಟುಹಬ್ಬದ ಪ್ರಾರ್ಥನೆಗೆ ಕರೆದರು. "ಶಟರ್ ಅರ್ಧ ಇಳಿಸಿರ್ತೀವಿ ಅಣ್ಣ, ಬಗ್ಗಿ ಒಳಗ್ ಬನ್ನಿ" ಅಂದರು. ಹಾಲ್ ಅಂದರೆ ಬಾಡಿಗೆ ಅಂಗಡಿ, ಪಕ್ಕದಲ್ಲಿ ಪಂಕ್ಚರ್ ಶಾಪು. ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕೀಬೋರ್ಡು, ಬೆವರು. ಅರ್ಧ ಇಳಿಸಿದ ಶಟರಿನ ಕೆಳಗಿಂದ ಕಾಣುವುದು ರಸ್ತೆಯಲ್ಲಿ ಹೋಗುವವರ ಕಾಲು ಮಾತ್ರ. ಬಾಗಿಲ ಹತ್ತಿರ ಕೂತ ಹುಡುಗನ ಕಣ್ಣೆಲ್ಲ ಆ ಕಾಲುಗಳ ಮೇಲೆ. ಯಾವುದಾದರೂ ಜೊತೆ ಶೂ ಅಲ್ಲೇ ನಿಂತರೆ ಹಾಡು ತಗ್ಗುತ್ತದೆ, ಶೂ ಮುಂದೆ ಹೋದರೆ ಮತ್ತೆ ಏರುತ್ತದೆ. ಹಿಂದಿನ ವರ್ಷ ಕೆಲವು ಹುಡುಗರು ನುಗ್ಗಿ ಗಲಾಟೆ ಮಾಡಿದ್ದರಂತೆ. ನಾನು ಭಾನುವಾರ ಹೋಗುವ ಇಗರ್ಜಿಗೆ ಗಂಟೆ ಇದೆ, ಗೇಟಿಗೆ ಸೆಕ್ಯೂರಿಟಿ ಇದೆ, ಪಾರ್ಕಿಂಗ್ ಇದೆ. ಗ್ರೂಪಿನಲ್ಲಿ ನಾನು ಕೈ ತೋರಿಸಿದ್ದು ಈ ಅಂಗಡಿಯ ಕಡೆಗೆ.

ಊರು ಕರಾವಳಿಯಾದ್ದರಿಂದ 2008 ನೆನಪಾಗದೆ ಇರುವುದಿಲ್ಲ. ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ಹೊಸ ತೆನೆ ಮನೆಗೆ ತಂದು ಎಲ್ಲರೂ ಒಟ್ಟಿಗೆ ಕೂತು ತರಕಾರಿ ಊಟ ಮಾಡಿದ್ದೆವು. ಆರೇ ದಿನಕ್ಕೆ, 14ರ ಭಾನುವಾರ, ಕ್ರೈಸ್ತರ ಪ್ರಾರ್ಥನಾ ಸ್ಥಳಗಳ ಮೇಲೆ ದಾಳಿ. ನಮ್ಮ ಕ್ಯಾಲೆಂಡರಿನಲ್ಲಿ ಅದು ಪವಿತ್ರ ಶಿಲುಬೆಯ ಹಬ್ಬದ ದಿನ; ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಹತ್ತಿರದ ಕ್ಲೇರ್ ಸನ್ಯಾಸಿನಿಯರ ಮಠದಲ್ಲಿ ಒಡೆದದ್ದೂ ಶಿಲುಬೆಯನ್ನೇ. ಪ್ರತಿಭಟಿಸಿದವರ ಮೇಲೆ ಪೊಲೀಸರು ಲಾಠಿ ಬೀಸಿದರು. ದಾಳಿಗಳ ತನಿಖೆಗೆ ಸರ್ಕಾರ ನೇಮಿಸಿದ್ದ ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟಿತು, ಅದರಿಂದ ನಮ್ಮವರಿಗೆ ಸಮಾಧಾನ ಆಗಲಿಲ್ಲ. ಅದಿರಲಿ. ನನಗೆ ಈಗ ಚುಚ್ಚುವುದು ಬೇರೆ. ಆಗ ನಮ್ಮ ಜಗುಲಿಗಳಲ್ಲಿ ಕೇಳಿಬರುತ್ತಿದ್ದ ಮಾತು: "ಆ ನ್ಯೂ ಲೈಫ್‌ನವರಿಂದಾಗಿ ನಮಗೆ ಪೆಟ್ಟು." ನ್ಯೂ ಲೈಫ್ ಅಂದರೆ ಮತಾಂತರದ ಆರೋಪ ಹೊತ್ತಿದ್ದ ಒಂದು ಪ್ರಾರ್ಥನಾ ಪಂಗಡ. ಕಲ್ಲು ಹೊಡೆದವನಿಗಿಂತ ಜೋರಾಗಿ ಬೈದದ್ದು ನಮ್ಮದೇ ಬಡ ತಮ್ಮನನ್ನು.

"ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ಕೊಡಿ" ಅನ್ನುವ ಮಾತನ್ನು ಎಲ್ಲರೂ ನಮಗೆ ನೆನಪಿಸುತ್ತಾರೆ, ಹೊಡೆಯುವವರೂ ಸೇರಿ! ಆದರೆ ಯೇಸುವಿಗೇ ಕೆನ್ನೆಗೆ ಹೊಡೆದಾಗ ಅವರು ಏನು ಮಾಡಿದರು? ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 18ನೇ ಅಧ್ಯಾಯ ತೆಗೆದು ನೋಡಿ. ಮಹಾಯಾಜಕನ ಮುಂದೆ ಕಾವಲಿನವನೊಬ್ಬ ಹೊಡೆಯುತ್ತಾನೆ. ಯೇಸು ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ನಾನು ತಪ್ಪು ಹೇಳಿದ್ದರೆ ಏನು ತಪ್ಪು ಅಂತ ತೋರಿಸು, ಸರಿ ಹೇಳಿದ್ದರೆ ಯಾಕೆ ಹೊಡೆದೆ ಅಂತ ಕೇಳಿದರು. ಅದೇ ಹೊತ್ತಿಗೆ, ಅದೇ ಮನೆಯ ಅಂಗಳದಲ್ಲಿ, ಬೆಂಕಿ ಕಾಯಿಸುತ್ತಾ ನಿಂತ ಯೇಸುವಿನ ಶಿಷ್ಯ ಪೇತ್ರ ಏನಂದ? "ನಾನು ಅವರ ಕಡೆಯವನಲ್ಲ." ಇಷ್ಟು ವರ್ಷ ಪ್ರತಿ ಶುಭ ಶುಕ್ರವಾರ ಈ ಅಧ್ಯಾಯ ಕೇಳಿದ್ದೇನೆ. ಪೇತ್ರ ಅಂದರೆ ವಾಟ್ಸ್ಯಾಪ್ ಗ್ರೂಪಿನ ನಾನೇ ಅಂತ ಹೊಳೆದದ್ದು ಈ ವರ್ಷ.

ಹಾಗಂತ ಪ್ರಾರ್ಥನಾ ಮಂದಿರಗಳಲ್ಲಿ ಎಲ್ಲವೂ ಸರಿ ಅಂತಲ್ಲ. ಪಕ್ಕದ ಮನೆಯವರ ದೇವರನ್ನು ಸೈತಾನ ಅನ್ನುವ ಪಾಸ್ಟರನ್ನು ನಾನೂ ಕೇಳಿದ್ದೇನೆ, ಮೈ ಉರಿದಿದೆ. ನೆರೆಯವನ ದೇವರಿಗೆ ಬೈದು ನೆರೆಯವನನ್ನು ಪ್ರೀತಿಸುವುದು ಅದು ಹೇಗೋ ನನಗಂತೂ ಅರ್ಥವಾಗಿಲ್ಲ. ರಾತ್ರಿ ಹತ್ತರ ಮೇಲೆ ಮೈಕು ಹಾಕಿದರೆ ಅದನ್ನು ಶ್ರದ್ಧೆ ಅನ್ನಬೇಡಿ. ಇದನ್ನೆಲ್ಲ ಅವರ ಎದುರು ಕೂತು ಹೇಳಬೇಕು, ಅಣ್ಣತಮ್ಮಂದಿರ ಹಾಗೆ. ಹೊರಗಿನವರ ಎದುರು ನಮ್ಮ ಚರ್ಮ ಉಳಿಸಿಕೊಳ್ಳಲು ಅವರನ್ನು ಹಿಡಿದುಕೊಡುವುದು ಬೇರೆ ಕೆಲಸ.

ಕಾನೂನಿನ ಬಗ್ಗೆ ನಮ್ಮಲ್ಲಿ ವಿಪರೀತ ಸಂಕೋಚ. ದೂರು ಕೊಟ್ಟರೆ ಕ್ಷಮಿಸಿಲ್ಲ ಅಂತ ಅರ್ಥವಂತೆ! ಫಿಲಿಪ್ಪಿಯಲ್ಲಿ ವಿಚಾರಣೆ ಇಲ್ಲದೆ ಹೊಡೆದು ಜೈಲಿಗೆ ಹಾಕಿ, ಬೆಳಗ್ಗೆ ಗುಟ್ಟಾಗಿ ಹೋಗಿಬಿಡಿ ಅಂದಾಗ, ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ಒಪ್ಪಲಿಲ್ಲ. ನಾವು ರೋಮಿನ ಪ್ರಜೆಗಳು, ಅಧಿಕಾರಿಗಳೇ ಬಂದು ಹೊರಗೆ ಬಿಡಲಿ ಅಂದ. ಶಾಂತವಾಗಿ ನಡೆಯುವ ಧಾರ್ಮಿಕ ಸಭೆಗೆ ಬೇಕಂತಲೇ ಅಡ್ಡಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 300ನೇ ಕಲಂ ಪ್ರಕಾರ ಅಪರಾಧ, ಒಂದು ವರ್ಷದವರೆಗೆ ಜೈಲು. ಆ ಅಂಗಡಿಯಲ್ಲಿ ಕೂತ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಗೊತ್ತಿದ್ದ ನನ್ನಂಥವರು ಅಲ್ಲಿಯವರೆಗೆ ಒಳಗೆ ಕಾಲಿಟ್ಟಿರಲಿಲ್ಲ.

ಇನ್ನೊಂದು ಮಾತು. 2008ರ ದಾಳಿಗಳನ್ನು ಬಹಿರಂಗವಾಗಿ ಸಮರ್ಥಿಸಿಕೊಂಡು ಜೈಲಿಗೆ ಹೋದ, ಬಜರಂಗ ದಳದ ಆಗಿನ ರಾಜ್ಯ ಸಂಚಾಲಕ ಮಹೇಂದ್ರ ಕುಮಾರ್, ಮುಂದೆ ಆ ದಾರಿ ಬಿಟ್ಟರು. ಊರೂರು ತಿರುಗಿ ಸೌಹಾರ್ದದ ಪರ ಮಾತಾಡಿದರು, 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರು ಬದಲಾದ ಶ್ರೇಯಸ್ಸು ನಮ್ಮದೇನಲ್ಲ. ಆದರೆ ಅವರ ಹೆಸರು ಕೇಳಿದರೆ ಹಲ್ಲು ಕಡಿಯುತ್ತಿದ್ದ ನಾನು, ಆಮೇಲೆ ಅವರ ಭಾಷಣದ ವಿಡಿಯೋವನ್ನು ಅಮ್ಮನಿಗೆ ಕಳಿಸಿದ್ದೇನೆ. ಅಮ್ಮ ಎರಡು ಸಲ ನೋಡಿ, "ಇವ ಅವನೇನಾ?" ಅಂತ ಕೇಳಿದ್ದರು.

ಮೊನ್ನೆ ಅದೇ ಗ್ರೂಪಿನಲ್ಲಿ ಬರೆದೆ: "ಅವತ್ತು ನಾನು ಹೇಳಿದ್ದು ತಪ್ಪು. ಆ ಪ್ರೇಯರ್ ಹಾಲ್‌ನವರು ನಮ್ಮವರೇ. ನಮ್ಮ ಪಿಜ್ಜಂದಿರೂ ಯಾವತ್ತೋ ಒಂದು ದಿನ ಹೊಸದಾಗಿ ತಲೆಗೆ ನೀರು ಹಾಕಿಸಿಕೊಂಡವರೇ. ಅವರು ಅಕ್ಕಿಗಾಗಿ ಬಂದವರು ಅನ್ನಲಿಕ್ಕೆ ನಿನ್ನ ಹತ್ತಿರ ಏನಿದೆ, ತೋರಿಸು." ನಗುವ ಮುಖ ಒಂದೂ ಬರಲಿಲ್ಲ. ರಾತ್ರಿ ಅವನೇ ಫೋನ್ ಮಾಡಿದ, "ಎಂತ ಮಾರಾಯ, ಬೇಜಾರಾಯ್ತಾ?" ಅಂತ. ಆಯ್ತು ಅಂದೆ. ಒಂದು ಗಂಟೆ ಮಾತಾಡಿದೆವು, ಜಗಳವೂ ಆಯಿತು. ಫಾರ್ವರ್ಡ್ ಇನ್ನೂ ಅಲ್ಲೇ ಇದೆ.

ಈ ಭಾನುವಾರ ಬೆಳಗಿನ ಪೂಜೆ ಮುಗಿಸಿ ಆ ಅಂಗಡಿಗೆ ಹೋಗುವವನಿದ್ದೇನೆ. ನಮ್ಮ ಇಗರ್ಜಿಯ ವಾರ್ಡಿನಿಂದ ಇನ್ನಿಬ್ಬರು ಬರುತ್ತೇವೆ ಅಂದಿದ್ದಾರೆ, ಒಬ್ಬರು ವಕೀಲರು. ಅಕ್ಕನಿಗೆ ಹೇಳಿದೆ. "ಶಟರ್ ಪೂರ್ತಿ ಎತ್ತಾಣ್ವಾ ಅಣ್ಣ?" ಅಂತ ಕೇಳಿದರು.