ಅಡವಿಯ ಕಡೆಯವರ ಯಾದಿ

ಹೋದ ಮೇ ತಿಂಗಳು ಊರಿಗೆ ಬಂದಿದ್ದೆ. ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲೂಕು. ಬಿಸಿಲು ಇಳಿದ ಮೇಲೆ ಎಲ್ಲರೂ ಕಟ್ಟೆಗೆ ಬಂದು ಕೂತರು. ಕಾಕಾ ಕೇಳಿದರು: "ತಮ್ಮಾ, ನಿನ್ನ ಮಗಳ ಲಗ್ನ ಅಡವ್ಯಾಗ ಆಯ್ತಂತಲ್ಲ? ಅಡವ್ಯಾಗ ಲಗ್ನ ಮಾಡ್ಲಾಕ ಸರ್ಕಾರದ ಚೀಟಿ ಯಾಕ ಬೇಕಪ್ಪಾ? ಗಿಡಗೋಳು ಬ್ಯಾಡ ಅಂತಾವೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ತಲೆಯಲ್ಲಿ ಉಳಿಯಿತು. ಅವತ್ತು ಕಾಕಾಗೆ ಸರಿಯಾಗಿ ಉತ್ತರ ಕೊಡಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ಅಲ್ಲಿಂದ ಕಾರಿನಲ್ಲಿ ಎರಡು ಎರಡೂವರೆ ತಾಸು. ಮಗಳು, ಅಳಿಯ ಇಬ್ಬರಿಗೂ ಬೆಟ್ಟ ಹತ್ತುವ ಹುಚ್ಚು. ಲಗ್ನ ಅಲ್ಲೇ ಆಗಬೇಕು ಅಂತ ಹಟ ಹಿಡಿದರು. ಯೊಸೆಮಿಟಿ ಕಣಿವೆಯನ್ನು ಕಾಪಾಡಬೇಕು ಅಂತ ಅಬ್ರಹಾಂ ಲಿಂಕನ್ 1864ರಲ್ಲೇ ಕಾಯಿದೆಗೆ ಸಹಿ ಹಾಕಿದ್ದರು. ಅದರ ಸುತ್ತಲಿನ ಅಡವಿ ರಾಷ್ಟ್ರೀಯ ಉದ್ಯಾನ ಆಗಿದ್ದು 1890ರಲ್ಲಿ. ಅಂಥ ಜಾಗದಲ್ಲಿ ಲಗ್ನ ಮಾಡಲು ಬಿಡುತ್ತಾರಾ ಅನ್ನೋದೇ ನನ್ನ ಮೊದಲ ಅನುಮಾನ. ಬಿಡುತ್ತಾರೆ. ಆದರೆ ಮೊದಲೇ ಅರ್ಜಿ ಹಾಕಿ ವಿಶೇಷ ಬಳಕೆಯ ಪರವಾನಗಿ ತಗೊಳ್ಳಬೇಕು.

ಅರ್ಜಿಯಲ್ಲಿ ಕೇಳಿದ್ದು ಇಷ್ಟು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ. ಎಷ್ಟು ಜನ, ಎಷ್ಟು ಗಾಡಿ. ಏನೇನು ಸಾಮಾನು ತರುತ್ತೀರಿ. ಅರ್ಜಿ ಶುಲ್ಕ ನಾವು ಕಟ್ಟಿದ್ದು 150 ಡಾಲರ್. ಪರವಾನಗಿ ಸಿಗಲಿ ಬಿಡಲಿ, ಆ ದುಡ್ಡು ವಾಪಸ್ ಬರಲ್ಲ. ಈ ಪರವಾನಗಿ ಕೈಗೆ ಬಂತು ಅಂದರೆ ಕಾನೂನಿನ ಪ್ರಕಾರ ಲಗ್ನ ಆದಂತೆ ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಇದು ಜಾಗಕ್ಕೆ ಮಾತ್ರ. ಮದುವೆಯ ಲೈಸೆನ್ಸ್ ಬೇರೆ, ಅದನ್ನು ಕೌಂಟಿ, ಅಂದರೆ ಅಲ್ಲಿಯ ಜಿಲ್ಲೆಯ, ಕಚೇರಿಯಲ್ಲಿ ತಗೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ ತಗೊಂಡ 90 ದಿನದೊಳಗೆ ಲಗ್ನ ಆಗಬೇಕು, ಇಲ್ಲದಿದ್ದರೆ ಮತ್ತೆ ಹೊಸದು.

ನಮಗೆ ಕಷ್ಟ ಆಗಿದ್ದು ಅಕ್ಷತೆ.

ನಮ್ಮದು ಲಿಂಗಾಯತರ ಮನೆ. ಹೋಮ ಇಲ್ಲ, ಬೆಂಕಿ ಇಲ್ಲ. ಹಾಗಾಗಿ ತೊಂದರೆ ಬರಲ್ಲ ಅಂದುಕೊಂಡಿದ್ದೆ. ನಿಯಮದಲ್ಲಿ ನೋಡಿದರೆ ಅಕ್ಕಿ ಎರಚುವಂತಿಲ್ಲ, ಕಾಳು ಎರಚುವಂತಿಲ್ಲ, ಹೂವಿನ ಎಸಳು ಉದುರಿಸುವಂತಿಲ್ಲ. ಬಲೂನ್ ಇಲ್ಲ, ಮೈಕ್ ಇಲ್ಲ, ಡ್ರೋನ್ ಇಲ್ಲ. ನನ್ನ ಹೆಂಡತಿಗೆ ಅಳುವೇ ಬಂತು. ಅಕ್ಷತೆ ಬೀಳದೆ ಅದೆಂಥ ಲಗ್ನ, ಅಲ್ವಾ?

ಉದ್ಯಾನದವರಿಗೆ ಇ-ಮೇಲ್ ಬರೆದು ಕೇಳಿದೆ. ನಮ್ಮ ಪದ್ಧತಿ ಹೀಗಿದೆ, ಅರಿಶಿನ ಹಚ್ಚಿದ ಒಂದು ಹಿಡಿ ಅಕ್ಕಿ, ಹಿರಿಯರು ತಲೆ ಮೇಲೆ ಹಾಕಿ ಹರಸುತ್ತಾರೆ ಅಂತ. ನಾಲ್ಕು ದಿನಕ್ಕೆ ಉತ್ತರ ಬಂತು. ಸಿಟ್ಟಿನ ಮಾತು ಒಂದೂ ಇರಲಿಲ್ಲ. ಹೊರಗಿನ ಕಾಳು ಇಲ್ಲಿಯ ಮಣ್ಣಿಗೆ ಬೀಳಬಾರದು, ಇಲ್ಲಿಯ ಪ್ರಾಣಿ ಮನುಷ್ಯರ ಆಹಾರಕ್ಕೆ ಬಾಯಿ ಹಾಕುವ ರೂಢಿ ಮಾಡಿಕೊಳ್ಳಬಾರದು ಅಂತ ಬರೆದಿದ್ದರು. ಯೊಸೆಮಿಟಿಯಲ್ಲಿ ಕರಡಿಗಳಿವೆ. ಕಾರಿನಲ್ಲಿ ಬಿಸ್ಕತ್ತಿನ ವಾಸನೆ ಬಂದರೂ ಬಾಗಿಲು ಕಿತ್ತುಬಿಡುತ್ತವೆ. ಡೇರೆ ತಾಣದಲ್ಲಿ ರಾತ್ರಿ ಉಳಿಯುವವರು ಊಟದ ಸಾಮಾನನ್ನು ಕಬ್ಬಿಣದ ಪೆಟ್ಟಿಗೆಯಲ್ಲೇ ಇಡಬೇಕು. ಕಾರಣ ತಿಳಿದ ಮೇಲೆ ನನ್ನ ಹೆಂಡತಿಯೇ ದಾರಿ ಹುಡುಕಿದಳು. ಅಕ್ಷತೆ ಹಿಂದಿನ ದಿನ ಮನೆಯಲ್ಲೇ ಆಯಿತು. ಕಣಿವೆಯಲ್ಲಿ ಹಾರ ಬದಲಾಯಿಸಿದ್ದು ಮಾತ್ರ.

ಹಾರ ಬದಲಾಯಿಸುವಾಗ ಚೆಂಡುಹೂವಿನ ಎಸಳು ಒಂದಿಷ್ಟು ಉದುರಿದವು. ಯಾರೂ ಹೇಳಲಿಲ್ಲ, ಸುತ್ತ ರೇಂಜರ್ ಕೂಡ ಇರಲಿಲ್ಲ. ನನ್ನ ನಾದಿನಿ ಸೀರೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತಳು. ಮರಳಲ್ಲಿ ಬಿದ್ದ ಎಸಳನ್ನು ಒಂದೊಂದೇ ಆರಿಸಿ ಸೆರಗಿಗೆ ಹಾಕಿಕೊಂಡಳು. ಪೈನ್ ಗಿಡದ ಸೂಜಿಯೆಲೆ ಸಂದಿಯಲ್ಲಿ ಸಿಕ್ಕಿದ್ದನ್ನೂ ಬಿಡಲಿಲ್ಲ. ಅಳಿಯನ ತಾಯಿಯೂ ಬಂದು ಪಕ್ಕದಲ್ಲಿ ಕೂತರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ. ಆರಿಸುತ್ತಾ ಆರಿಸುತ್ತಾ ನಕ್ಕರು. ಆ ಲಗ್ನದಲ್ಲಿ ನನಗೆ ಅತಿ ಹೆಚ್ಚು ನೆನಪಿರುವುದು ಅದೇ.

ಅಲ್ಲಿಯದೆಲ್ಲ ಒಳ್ಳೇದು ಅಂತ ನಾನು ಹೇಳಲ್ಲ. ನಾವು ಹೋಗಿದ್ದು 28 ಜನ. ನಮ್ಮ ಕಡೆ ಅಷ್ಟು ಜನ ಬಳೆ ಇಡಿಸಿಕೊಳ್ಳುವ ದಿನವೇ ಇರುತ್ತಾರೆ. ಲಗ್ನ ಅಂದರೆ ಊರಿಗೆ ಊರೇ ಉಣ್ಣಬೇಕು. ಮುನಿದವರು ಬರಬೇಕು, ಮಾತು ಬಿಟ್ಟವರು ಅದೇ ಪಂಕ್ತಿಯಲ್ಲಿ ಕೂರಬೇಕು. ಅಲ್ಲಿ ಬೀಗರನ್ನು ಕರೆದು ಗೇಟಿನಲ್ಲಿ ಅವರ ಕಾರಿಗೆ 35 ಡಾಲರ್ ಕಟ್ಟಿಸಬೇಕಿತ್ತು. ಮದುವೆಗೆ ಬಂದವರಿಗೂ ಪ್ರವೇಶ ಶುಲ್ಕದಲ್ಲಿ ವಿನಾಯಿತಿ ಇಲ್ಲ. ನನಗೆ ಮನಸ್ಸು ಬರಲಿಲ್ಲ. ನಾಲ್ಕು ದೊಡ್ಡ ಗಾಡಿ ಮಾಡಿ, ಒಂದೊಂದರಲ್ಲಿ ಏಳು ಜನರನ್ನು ಕೂರಿಸಿ, ಗೇಟಿನಲ್ಲಿ ನಾನೇ ಕಟ್ಟಿದೆ. ಊಟ ಫ್ರೆಸ್ನೋಗೆ ವಾಪಸ್ ಬಂದು ಹಾಕಿಸಿದ್ದು, 200 ಜನಕ್ಕೆ. ಶೇಂಗಾ ಹೋಳಿಗೆ, ಎಣ್ಣೆಗಾಯಿ, ರೊಟ್ಟಿ.

ಈಗ ನಮ್ಮ ಕಡೆಯ ಮಾತು.

ಕರ್ನಾಟಕದಲ್ಲಿ ರಾಷ್ಟ್ರೀಯ ಉದ್ಯಾನ ಐದು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಒಂದೂ ಇಲ್ಲ. ನಮಗಿರುವುದು ಚಿಂಚೋಳಿ ವನ್ಯಜೀವಿಧಾಮ. 2011ರಲ್ಲಿ ಘೋಷಣೆ ಆಯಿತು, ಸುಮಾರು 134 ಚದರ ಕಿಲೋಮೀಟರ್. ಬಿಸಿಲುನಾಡು ಅಂತ ಹೆಸರು ಹೊತ್ತ ಸೀಮೆಯಲ್ಲಿ ಅಷ್ಟು ಹಸಿರು ಉಳಿದಿರುವುದೇ ದೊಡ್ಡದು. ಚಂದ್ರಂಪಳ್ಳಿ ಅಣೆಕಟ್ಟಿನ ನೀರು, ಗೊಟ್ಟಂಗೊಟ್ಟಿ, ಕುಂಚಾವರಂ ಕಡೆಯ ಗುಡ್ಡ, ಒಳಗೆ ಲಂಬಾಣಿ ತಾಂಡಾಗಳು. ಮಳೆಗಾಲ ಮುಗಿದ ಮೇಲೆ ಒಮ್ಮೆ ಹೋಗಿ ನೋಡಿ.

ಅಲ್ಲಿ ಲಗ್ನಕ್ಕೆ ಪರವಾನಗಿ ಸಿಗುತ್ತಾ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 28ನೇ ಕಲಂ ನೋಡಿದೆ. ಒಳಗೆ ಹೋಗಲು ಯಾವುದಕ್ಕೆ ಅನುಮತಿ ಕೊಡಬಹುದು ಅಂತ ಅಲ್ಲಿ ಬರೆದಿದೆ. ಪ್ರಾಣಿಗಳ ಅಧ್ಯಯನ, ಫೋಟೊ, ಸಂಶೋಧನೆ, ಪ್ರವಾಸ, ಒಳಗೆ ವಾಸ ಇರುವವರ ಜೊತೆ ನ್ಯಾಯವಾದ ವ್ಯವಹಾರ. 2022ರ ತಿದ್ದುಪಡಿಯಲ್ಲಿ ಸಿನಿಮಾ ಚಿತ್ರೀಕರಣವೂ ಸೇರಿತು, ಅಡವಿಗೆ ಧಕ್ಕೆ ಆಗಬಾರದು ಅನ್ನೋ ಷರತ್ತಿನ ಮೇಲೆ. ಲಗ್ನದ ಹೆಸರೇ ಇಲ್ಲ. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ಕಲಂ.

ಇದು ಸರಿ ಅನ್ನೋದೇ ನನ್ನ ಅಭಿಪ್ರಾಯ. ನಮ್ಮ ಲಗ್ನ 28 ಜನದ್ದಲ್ಲ. ಬಾಜಾ, ಡಿಜೆ, ಪಟಾಕಿ, ಸಾವಿರ ಎಲೆ ಊಟ. ಅದು ಆ ಪುಟ್ಟ ಅಡವಿಗೆ ತಾಳಲ್ಲ. ಯೊಸೆಮಿಟಿ ಮೂರು ಸಾವಿರ ಚದರ ಕಿಲೋಮೀಟರ್ ಇದೆ. ಅಲ್ಲಿಯ ನಿಯಮ ತಂದು ಇಲ್ಲಿ ಹಾಕಿ ಅಂತ ಯಾರೂ ಕೇಳಬಾರದು.

ನನ್ನ ತಕರಾರು ಅಡವಿ ಹೊರಗಿನ ಜಾಗಗಳ ಬಗ್ಗೆ. ಕೆರೆ ದಂಡೆ, ಗುಡ್ಡದ ಬುಡ, ಹಳೇ ಕಟ್ಟಡದ ಅಂಗಳ. ಬೀದರ್ ಕೋಟೆ, ಕಲಬುರಗಿ ಕೋಟೆಯಂಥ ಸಂರಕ್ಷಿತ ಸ್ಮಾರಕಗಳಿಗೆ 1959ರ ನಿಯಮ ಇದೆ, ಲಿಖಿತ ಅನುಮತಿ ಇಲ್ಲದೆ ಸಭೆ, ಪಾರ್ಟಿ, ಆರತಕ್ಷತೆ ನಡೆಸುವಂತಿಲ್ಲ. ಮಿಕ್ಕ ಜಾಗಕ್ಕೆ? ನನ್ನ ತಂಗಿಯ ಮಗ ನಮ್ಮ ಕಡೆಯ ಒಂದು ಜಾಗದಲ್ಲಿ ಲಗ್ನದ ಫೋಟೊ ತೆಗೆಸಬೇಕು ಅಂತ ಒಂದು ಕಚೇರಿಗೆ ಮೂರು ಸಲ ಹೋದ. ಮೊದಲ ದಿನ "ಸಾಹೇಬರು ಇಲ್ಲ". ಎರಡನೇ ದಿನ "ಅದಕ್ಕೇನು ಪರ್ಮಿಷನ್, ಹೋಗ್ರಿ". ಮೂರನೇ ದಿನ ಕ್ಯಾಮೆರಾ ತಗೊಂಡು ಹೋದರೆ ಕಾವಲಿನವನು ಒಳಗೆ ಬಿಡಲಿಲ್ಲ. ಬೇಡ ಅಂದಿದ್ದಕ್ಕೆ ಹುಡುಗನಿಗೆ ಬೇಜಾರಿಲ್ಲ. ಬೇಕು ಅಂತಾನೂ ಬೇಡ ಅಂತಾನೂ ಯಾರೂ ಬರೆದು ಕೊಡಲಿಲ್ಲ, ಅದಕ್ಕೆ ಬೇಜಾರು.

ಬರವಣಿಗೆಯಲ್ಲಿ ಇಲ್ಲದಿದ್ದರೆ ಏನಾಗುತ್ತೆ ಅಂದರೆ, ಪರಿಚಯ ಇದ್ದವರದ್ದು ನಡೆಯುತ್ತೆ, ಇಲ್ಲದವರದ್ದು ನಿಲ್ಲುತ್ತೆ. ನಡೆದವರಿಗೂ ಕಟ್ಟುಪಾಡು ಇರಲ್ಲ. ನಮ್ಮೂರ ಕೆರೆ ದಂಡೆಯಲ್ಲಿ ಒಂದು ಊಟ ಆದ ಮರುದಿನ ಹೋಗಿದ್ದೆ. ಥರ್ಮಾಕೋಲ್ ತಾಟು ನೀರಿನ ಅಂಚಿಗೆ ಬಿಳಿ ಗೆರೆ ಎಳೆದಂಗೆ ಕೂತಿದ್ದವು. ಒಂದು ಎಮ್ಮೆ ತಾಟಿನ ಸಮೇತ ಅನ್ನ ಅಗಿಯುತ್ತಿತ್ತು.

ಕಾಕಾ ಕೇಳಿದ್ದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇದೆ. ನಮ್ಮಲ್ಲಿ ಲಗ್ನ ಗಟ್ಟಿ ಆದ ದಿನ ಹಿರಿಯರು ಕೂತು ಯಾದಿ ಬರೆಯುತ್ತಾರೆ. ಯಾರ ಕಡೆಯಿಂದ ಏನು, ಎಷ್ಟು ಮಂದಿ, ಊಟ ಯಾರದ್ದು, ಬಟ್ಟೆ ಯಾರದ್ದು. ಎರಡೂ ಕಡೆಯವರು ಸಹಿ ಹಾಕುತ್ತಾರೆ. ಮುಂದೆ ಮಾತಿಗೆ ಮಾತು ಬರಬಾರದು ಅಂತ. ಯೊಸೆಮಿಟಿಯವರು ಕೊಟ್ಟ ಪರವಾನಗಿ ನನಗೆ ಕಂಡಿದ್ದು ಹಾಗೆ. ಗಂಡಿನ ಕಡೆ, ಹೆಣ್ಣಿನ ಕಡೆ ಆದ ಮೇಲೆ ಅಡವಿಯ ಕಡೆಯವರೂ ಕೂತು ಬರೆಸಿದ ಯಾದಿ.

ಕಾಕಾಗೆ ಫೋನ್‌ನಲ್ಲಿ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. "ಹಂಗಾರ ನಮ್ಮ ಕೆರಿ ಕಡಿಂದ ಯಾರು ಕೂಡ್ತಾರ?" ಅಂದರು.

ಬರುವ ಮಾಘದಲ್ಲಿ ಅಣ್ಣನ ಮಗನ ಲಗ್ನ. ಊಟ ಕೆರೆ ದಂಡೆಯ ಬೇವಿನ ಗಿಡಗಳ ಕೆಳಗೆ ಹಾಕಬೇಕು ಅಂತ ಅವನ ಆಸೆ. ಹೋದ ವಾರ ಯಾದಿ ಬರೆದರಂತೆ. ಅಣ್ಣ ಫೋಟೊ ಕಳಿಸಿದ್ದಾನೆ. ಹೆಣ್ಣಿನ ಕಡೆ, ಗಂಡಿನ ಕಡೆ ಮುಗಿದ ಮೇಲೆ ಕೆಳಗೆ ಕಾಕಾನ ಅಕ್ಷರದಲ್ಲಿ ಇನ್ನೊಂದು ತಲೆಬರಹ ಇದೆ: "ಕೆರಿ ಕಡಿಂದ". ಮುತ್ತಲ ಪತ್ರೋಳಿ 600. ಥರ್ಮಾಕೋಲ್ ಬ್ಯಾಡ. ಅಕ್ಷತೆ ಹಂದರದೊಳಗೇ. ಡಿಜೆ ಊರಾಗ, ಕೆರಿ ಮ್ಯಾಲೆ ಇಲ್ಲ. ಮರುದಿನ ಕಸ ಎತ್ತೋರು: ಎರಡೂ ಕಡೆಯಿಂದ ಐದೈದು ಮಂದಿ. ಅದರ ಒಂದು ಪ್ರತಿಯನ್ನು ಅಣ್ಣ ಪಂಚಾಯಿತಿಗೆ ಕೊಟ್ಟು, ಅನುಮತಿ ಬರವಣಿಗೆಯಲ್ಲಿ ಕೊಡ್ರಿ ಅಂತ ಕೇಳಿದ್ದಾನೆ.