ಯಾವ ಚಂದ್ರಶೇಖರ್?

ಎಸ್. ಚಂದ್ರಶೇಖರ್ ಅಂತ ಇಬ್ಬರು ಭೌತವಿಜ್ಞಾನಿಗಳಿದ್ದರು. ಇಬ್ಬರೂ ಸಿ.ವಿ. ರಾಮನ್ ಅವರ ಮನೆತನದವರೇ. ಒಬ್ಬರು ರಾಮನ್ ಅವರ ಅಣ್ಣನ ಮಗ, ಇನ್ನೊಬ್ಬರು ಅವರ ಸೋದರಳಿಯ.

ಮೊದಲನೆಯವರು ನಾನಿರುವ ಈ ಶಿಕಾಗೋಗೆ ಸೇರಿದವರು. 1937ರಲ್ಲಿ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಬಂದವರು 1995ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ಸೂರ್ಯನ ಸುಮಾರು 1.4 ಪಟ್ಟಿಗಿಂತ ಜಾಸ್ತಿ ದ್ರವ್ಯರಾಶಿ ಇದ್ದರೆ ಒಂದು ನಕ್ಷತ್ರ ಬಿಳಿ ಕುಬ್ಜವಾಗಿ (ಉರಿದು ಮುಗಿದ ಮೇಲೆ ಕುಗ್ಗಿ ಉಳಿಯುವ ಪುಟ್ಟ ನಕ್ಷತ್ರವಾಗಿ) ಉಳಿಯಲಾರದು ಅಂತ ಲೆಕ್ಕ ಹಾಕಿದಾಗ ಅವರಿಗೆ ಇನ್ನೂ ಇಪ್ಪತ್ತರ ಆಸುಪಾಸು. ನೊಬೆಲ್ ಬಂದದ್ದು 1983ರಲ್ಲಿ. ಅಮೆರಿಕದವರು 1999ರಲ್ಲಿ ಹಾರಿಸಿದ ಎಕ್ಸ್-ರೇ ದೂರದರ್ಶಕಕ್ಕೆ 'ಚಂದ್ರ' ಅಂತ ಇವರ ಹೆಸರನ್ನೇ ಇಟ್ಟರು.

ಎರಡನೆಯವರು ನಮಗೆ ಇನ್ನೂ ಹತ್ತಿರದವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಪ್ರೊಫೆಸರ್ ಆಗಿದ್ದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕದ (ದ್ರವದಂತೆ ಹರಿದರೂ ಅಣುಗಳು ಹರಳಿನಂತೆ ಸಾಲಾಗಿ ನಿಲ್ಲುವ ವಸ್ತುವಿನ) ಪ್ರಯೋಗಾಲಯ ಕಟ್ಟಿದರು. ತಟ್ಟೆಯಂತೆ ಚಪ್ಪಟೆಯಾದ ಅಣುಗಳಿಂದಲೂ ದ್ರವಸ್ಫಟಿಕ ಆಗುತ್ತದೆ ಅಂತ 1977ರಲ್ಲಿ ಸಹೋದ್ಯೋಗಿಗಳ ಜೊತೆ ತೋರಿಸಿಕೊಟ್ಟರು. ಎಲ್‌ಸಿಡಿ ಟೀವಿಯನ್ನು ಪಕ್ಕದಿಂದ ನೋಡಿದರೂ ಚಿತ್ರ ಕೆಡದ ಹಾಗೆ ಮಾಡುವ ತೆಳು ಪದರಗಳಲ್ಲಿ ಈ ಬಗೆಯ ಅಣುಗಳನ್ನು ಬಳಸಿದ್ದಾರೆ. ಇಷ್ಟು ದೊಡ್ಡ ಕೆಲಸ ನಮ್ಮ ಬೆಂಗಳೂರಿನಲ್ಲಿ ಆಗಿದೆ, ಆದರೆ 'ಎಸ್. ಚಂದ್ರಶೇಖರ್' ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ನಕ್ಷತ್ರದವರು ಮಾತ್ರ. ನನಗೆ ಇದು ನಿಜವಾಗಿ ನೋವಿನ ಸಂಗತಿ.

ಆ 'ಎಸ್' ಬಿಡಿಸಿ ಬರೆದರೆ ಸಾಕು, ಗೊಂದಲ ಮುಗಿಯಿತು. ಒಬ್ಬರು ಸುಬ್ರಹ್ಮಣ್ಯನ್ ಚಂದ್ರಶೇಖರ್, ಇನ್ನೊಬ್ಬರು ಶಿವರಾಮಕೃಷ್ಣ ಚಂದ್ರಶೇಖರ್. ನಾವು ಬಿಡಿಸುವುದಿಲ್ಲ. ಅದೇ ನನ್ನ ತಕರಾರು.

ಇನ್ನು ನಮ್ಮ ಕ್ರಿಕೆಟ್ಟಿನ ಚಂದ್ರ. ಮೈಸೂರಿನಲ್ಲಿ 1945ರಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್. ಚಿಕ್ಕವರಿದ್ದಾಗ ಪೋಲಿಯೋ ಬಂದು ಸೊರಗಿದ ಬಲಗೈಯಲ್ಲೇ ಬೌಲಿಂಗ್ ಮಾಡಿ 58 ಟೆಸ್ಟುಗಳಲ್ಲಿ 242 ವಿಕೆಟ್ ತೆಗೆದವರು. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟರು. ಮೆಲ್ಬರ್ನ್ ಪಂದ್ಯವನ್ನಂತೂ ಎಷ್ಟು ಸಲ ಹೇಳಿದರೂ ಸಾಕಾಗುವುದಿಲ್ಲ: ಎರಡೂ ಇನಿಂಗ್ಸಿನಲ್ಲಿ ಸರಿಯಾಗಿ 52 ರನ್ನಿಗೆ 6 ವಿಕೆಟ್, ಆಸ್ಟ್ರೇಲಿಯಾದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು. ಇವರ ಪೂರ್ತಿ ಹೆಸರು ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರ್. ಅಂದರೆ ನೊಬೆಲ್ ಪಡೆದವರ ಹೆಸರು ಹೆಚ್ಚುಕಡಿಮೆ ಪೂರ್ತಿಯಾಗಿ ಇವರ ಹೆಸರಿನೊಳಗೇ ಇದೆ. ಇಬ್ಬರನ್ನೂ ಜನ ಪ್ರೀತಿಯಿಂದ ಕರೆದದ್ದು ಚಂದ್ರ ಅಂತಲೇ.

ಹಳೇ ಮೈಸೂರಿನ ಕಡೆ ಹೀಗೆ ಇನಿಷಿಯಲ್ ಮುಂದೆ, ಹೆಸರು ಕೊನೆಗೆ. ಊರು, ಅಪ್ಪ, ಆಮೇಲೆ ತಾನು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಇದ್ದ ಹಾಗೆ. ಧಾರವಾಡ, ಬೆಳಗಾವಿ ಕಡೆ ಇದು ತಿರುಗುಮುರುಗು: ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ತಾನು ಮೊದಲು, ಆಮೇಲೆ ಅಪ್ಪ, ಕೊನೆಗೆ ಮನೆತನ. ಹಾಗಾಗಿ ಆ ಕಡೆಯ ಚಂದ್ರಶೇಖರರನ್ನು ಗುರುತಿಸುವುದು ಸುಲಭ. ಘೋಡಗೇರಿಯ ಚಂದ್ರಶೇಖರ ಕಂಬಾರ, ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲ. ಇಬ್ಬರೂ ಕವಿಗಳು, ಇಬ್ಬರೂ ನಾಟಕಕಾರರು, ವಯಸ್ಸಿನಲ್ಲಿ ಎರಡು ವರ್ಷ ಹೆಚ್ಚುಕಡಿಮೆ. ಆದರೂ ಒಬ್ಬರ ಬದಲು ಇನ್ನೊಬ್ಬರು ಅಂತ ಯಾರೂ ತಪ್ಪು ತಿಳಿದುಕೊಳ್ಳುವುದಿಲ್ಲ. ಅವರು ಕಂಬಾರರು, ಇವರು ಚಂಪಾ. ಅಷ್ಟೇ ಅಲ್ವಾ?

ನಾಟಕ, ಸಿನಿಮಾದ ಜನರು ಮಾಡಿಕೊಂಡ ದಾರಿ ಬೇರೆ. ಅಲ್ಲಿ ಮಾಡಿದ ಕೆಲಸವೇ ಹೆಸರಿನ ಮುಂದೆ ಬಂದು ಕೂರುತ್ತದೆ. 'ಮುಖ್ಯಮಂತ್ರಿ' ನಾಟಕದಿಂದ ಮುಖ್ಯಮಂತ್ರಿ ಚಂದ್ರು ಆದವರ ನಿಜ ಹೆಸರು ಚಂದ್ರಶೇಖರ್. 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದಲ್ಲಿ ಮಾಡಿದ ಚಂದ್ರಶೇಖರ್ ಎಡಕಲ್ಲು ಚಂದ್ರಶೇಖರ್ ಆಗಿ, ಕೊನೆಗೆ ನಮ್ಮ ಪಕ್ಕದ ಕೆನಡಾದಲ್ಲಿ ನೆಲೆಸಿ, 2018ರಲ್ಲಿ ಅಲ್ಲೇ ತೀರಿಕೊಂಡರು. ಹೀಗೆ ಗುರುತಿಸುವ ಪದ್ಧತಿ ನನಗೆ ತುಂಬ ಇಷ್ಟ, ಯಾಕೆಂದರೆ ಅದನ್ನು ಕೊಟ್ಟದ್ದು ನೋಡಿದ ಜನ.

ಈಗ ಇಲ್ಲಿನ ರೀತಿ ನೋಡಿ. ಶಿಕಾಗೋದಲ್ಲಿ ಮೈಕೆಲ್ ಜೋರ್ಡನ್ ಅಂದರೆ ಬಾಸ್ಕೆಟ್‌ಬಾಲ್ ಆಟಗಾರ, ಬುಲ್ಸ್ ತಂಡಕ್ಕೆ ಆರು ಸಲ ಪಟ್ಟ ಗೆಲ್ಲಿಸಿಕೊಟ್ಟವರು. ಬರ್ಕ್ಲಿಯಲ್ಲಿ ಕೃತಕ ಬುದ್ಧಿಮತ್ತೆ ಮತ್ತು ಸಂಖ್ಯಾಶಾಸ್ತ್ರದ ದೊಡ್ಡ ಪ್ರೊಫೆಸರ್ ಆಗಿದ್ದ ಮೈಕೆಲ್ ಐ. ಜೋರ್ಡನ್ ಇದ್ದಾರೆ. ಸಿನಿಮಾದಲ್ಲಿ ಮೈಕೆಲ್ ಬಿ. ಜೋರ್ಡನ್ ಇದ್ದಾರೆ. ನಡುವಿನ ಒಂದಕ್ಷರದಿಂದ ಮೂವರೂ ಬೇರೆಯಾದರು. ಆ ಅಕ್ಷರ ಅಪ್ಪನದ್ದಲ್ಲ, ಊರಿನದ್ದಲ್ಲ, ಅವರದೇ ಇನ್ನೊಂದು ಹೆಸರಿನದ್ದು. ನಟರ ಸಂಘದಲ್ಲಂತೂ ಒಂದೇ ಹೆಸರಿನಲ್ಲಿ ಇಬ್ಬರು ಇರುವ ಹಾಗೇ ಇಲ್ಲ. ಮೈಕೆಲ್ ಕೀಟನ್ ಅವರ ನಿಜ ಹೆಸರು ಮೈಕೆಲ್ ಡಗ್ಲಸ್. ಆ ಹೆಸರಿನ ನಟ ಆಗಲೇ ಇದ್ದರು, ಅದಕ್ಕೆ ಇವರು ಹೆಸರು ಬದಲಿಸಬೇಕಾಯಿತು. ನಮ್ಮಲ್ಲಾದರೆ ಹೆಸರಿನ ಮುಂದೆ ಒಂದು ಸಿನಿಮಾದ ಹೆಸರು ಸೇರಿಸಿ ಇಬ್ಬರನ್ನೂ ಉಳಿಸಿಕೊಳ್ಳುತ್ತಿದ್ದೆವು.

ಆದರೆ ಇಲ್ಲಿನ ಅರ್ಜಿಗಳಿಗೆ ನಮ್ಮ ಹೆಸರು ಹೊಂದುವುದೇ ಇಲ್ಲ. ಕೊನೆಯಲ್ಲಿ ಬರುವುದು ಮನೆತನದ ಹೆಸರು ಅಂತಲೇ ಅವರ ಲೆಕ್ಕ. ಸುಬ್ರಹ್ಮಣ್ಯನ್ ಅನ್ನುವುದು ಅಪ್ಪನ ಹೆಸರು, ಚಂದ್ರಶೇಖರ್ ಅವರದೇ ಹೆಸರು, ಇಲ್ಲಿಯವರಿಗೆ ಅದು ಉಲ್ಟಾ ಕಾಣುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಇನ್ನೂ ಕಷ್ಟ. ವೀಸಾದಲ್ಲಿ ಅದು ಲಾಸ್ಟ್ ನೇಮ್ ಜಾಗಕ್ಕೆ ಹೋಗುತ್ತದೆ, ಫಸ್ಟ್ ನೇಮ್ ಜಾಗದಲ್ಲಿ ಎಫ್‌ಎನ್‌ಯು ಅಂತ ಬೀಳುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ. ಅಪ್ಪ ಅಮ್ಮ ಆಸೆಯಿಂದ ಇಟ್ಟ ಹೆಸರು ಅಲ್ಲೇ ಕಣ್ಣೆದುರಿಗೆ ಇರುವಾಗ ಗೊತ್ತಿಲ್ಲ ಅಂತ ಬರೆಸಿಕೊಂಡು ಓಡಾಡಬೇಕು! ಅಂಥವರು ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್, ವಿಮಾನದ ಟಿಕೆಟ್ ಎಲ್ಲ ಕಡೆ ವಿವರಣೆ ಕೊಡುತ್ತಾ ನಿಲ್ಲುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನನ್ನನ್ನು ಕೇಳಿದರೆ ನಮ್ಮ ಪದ್ಧತಿಯೇ ಚೆನ್ನ. ಮನುಷ್ಯನನ್ನು ಅವನ ಸ್ವಂತ ಹೆಸರಿನಿಂದ ಕರೆಯುತ್ತದೆ, ಹುಟ್ಟಿದ ಊರನ್ನೂ ಹೆತ್ತವರನ್ನೂ ಜೊತೆಗೆ ಇಟ್ಟುಕೊಳ್ಳುತ್ತದೆ. ಹೆತ್ತವರು ಅಂದೆ, ಅಲ್ಲಿ ಇರುವುದು ಅಪ್ಪ ಮಾತ್ರ, ಅದು ದೊಡ್ಡ ಕೊರತೆ. ದ್ರವಸ್ಫಟಿಕದ ಚಂದ್ರಶೇಖರ್ ಅವರು ರಾಮನ್ ಅವರಿಗೆ ನೆಂಟರಾದದ್ದು ಅಮ್ಮನ ಕಡೆಯಿಂದ, ಹಾಗಾಗಿ ಅವರ ಹೆಸರಿನಲ್ಲಿ ಆ ನಂಟಿನ ಸುಳಿವೇ ಇಲ್ಲ. ಇವತ್ತು ಮಕ್ಕಳಿಗೆ ಅಮ್ಮನ ಹೆಸರಿನ ಅಕ್ಷರವನ್ನೂ ಸೇರಿಸುವವರು ಸರಿಯಾದದ್ದನ್ನೇ ಮಾಡುತ್ತಿದ್ದಾರೆ.

ತೊಂದರೆ ಇರುವುದು ನಾವು ಎಲ್ಲವನ್ನೂ ಒಂದೊಂದು ಅಕ್ಷರಕ್ಕೆ ಮೊಟಕು ಮಾಡಿ ಕೂತಿರುವುದರಲ್ಲಿ. ಸಿ.ವಿ. ರಾಮನ್ ಅನ್ನುವಾಗಿನ 'ಸಿ' ಏನು? ಚಂದ್ರಶೇಖರ! ಅದು ಅವರ ಅಪ್ಪನ ಹೆಸರು. ಆ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟರು. 1930ರಲ್ಲಿ ನೊಬೆಲ್ ಪಡೆದ ಮಗನ ಹೆಸರಿನ ತಲೆಯಲ್ಲೂ 1983ರಲ್ಲಿ ಪಡೆದ ಮೊಮ್ಮಗನ ಹೆಸರಿನ ಕೊನೆಯಲ್ಲೂ ಒಬ್ಬನೇ ಚಂದ್ರಶೇಖರ ಇದ್ದಾನೆ. ಎಷ್ಟು ಚೆಂದದ ವಿಷಯ ಇದು! ಒಂದು ಚುಕ್ಕೆ ಹಾಕಿ ನಾವು ಅದನ್ನು ಮುಚ್ಚಿಬಿಟ್ಟಿದ್ದೇವೆ.

ರಾವ್‌ಗಳದ್ದು ಇನ್ನೂ ಬೇಸರದ ಕತೆ. ಸಿ.ಎನ್.ಆರ್. ರಾವ್ ರಸಾಯನಶಾಸ್ತ್ರಜ್ಞರು, 2014ರಲ್ಲಿ ಭಾರತರತ್ನ ಪಡೆದವರು. ಯು.ಆರ್. ರಾವ್ ಉಡುಪಿ ಕಡೆಯ ಅದಮಾರಿನವರು, 1975ರಲ್ಲಿ ಆರ್ಯಭಟ ಉಪಗ್ರಹ ಮಾಡಿದ ತಂಡದ ಮುಂದಾಳು, ಆಮೇಲೆ ಹತ್ತು ವರ್ಷ ಇಸ್ರೋ ಅಧ್ಯಕ್ಷರು. ಇಬ್ಬರ ಹೆಸರೂ ರಾಮಚಂದ್ರ ರಾವ್. ಇಲ್ಲಿ ಅಕ್ಷರದ ಹಿಂದೆ ಅಡಗಿರುವುದು ಅಪ್ಪ ಅಲ್ಲ, ಅವರೇ. ಹೂವಿನಹಡಗಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿ 2023ರಲ್ಲಿ ತೀರಿಕೊಂಡ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರಲ್ಲಿ 'ಆರ್' ಅಂದರೆ ರಾಧಾಕೃಷ್ಣ. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಸಿ.ಆರ್., ಸಿ.ಎನ್.ಆರ್., ಯು.ಆರ್. ಅಂತ ಸುಮ್ನೆ ಅಕ್ಷರ ಒಪ್ಪಿಸಿದರೆ ಯಾರು ನೆನಪಿಟ್ಟುಕೊಳ್ಳುತ್ತಾರೆ?

ಈ ಒಂದು ವಿಷಯದಲ್ಲಿ ಅಮೆರಿಕದ ಗ್ರಂಥಾಲಯದವರಿಂದ ನಾವು ಕಲಿಯಬೇಕು. ಲೈಬ್ರರಿ ಆಫ್ ಕಾಂಗ್ರೆಸ್ ಪಟ್ಟಿಯಲ್ಲಿ ನಕ್ಷತ್ರದ ಚಂದ್ರಶೇಖರ್ ಅವರ ಹೆಸರಿನ ಜೊತೆ 'ಎಸ್' ಬಿಡಿಸಿ ಸುಬ್ರಹ್ಮಣ್ಯನ್ ಅಂತ ಬರೆದಿದ್ದಾರೆ, ಪಕ್ಕದಲ್ಲಿ 1910 ಅಂತ ಹುಟ್ಟಿದ ವರ್ಷವನ್ನೂ ಹಾಕಿದ್ದಾರೆ. ಇಷ್ಟು ಮಾಡಿದರೆ ಇನ್ನೊಬ್ಬರ ಜೊತೆ ಬೆರೆಯುವ ಪ್ರಶ್ನೆಯೇ ಇಲ್ಲ. ಕನ್ನಡ ವಿಕಿಪೀಡಿಯಕ್ಕೆ ಬರೆಯುವವರು, ಹೊರನಾಡಿನ ಕನ್ನಡ ಕೂಟಗಳ ಸಂಚಿಕೆ ತರುವವರು, ಶಾಲೆ ಪುಸ್ತಕ ಬರೆಯುವವರು ದಯವಿಟ್ಟು ಮೊದಲ ಸಲ ಹೆಸರು ಬಂದಾಗ ಪೂರ್ತಿ ಬರೆಯಿರಿ, ಹುಟ್ಟಿದ ವರ್ಷ ಹಾಕಿ, ಊರು ಗೊತ್ತಿದ್ದರೆ ಊರನ್ನೂ ಹಾಕಿ. ಶಿವರಾಮಕೃಷ್ಣ ಚಂದ್ರಶೇಖರ್ ಅವರಿಂದಲೇ ಶುರು ಮಾಡಬಹುದು.