ಸ್ವಲ್ಪ ಗತ್ತಿಕ್ ಇರಲಿ ಮಾರಾಯ್ರೆ

ಮೂರು ದಿನದಿಂದ ನನ್ನ ಮೊಬೈಲಿಗೆ ಬರುವ ಕರೆಗಳೆಲ್ಲ ಒಂದೇ ಪ್ರಶ್ನೆಯಿಂದ ಶುರುವಾಗುತ್ತಿವೆ. "ಹಲೋ, ಇದು ಎಂಥ ಭಾಷೆ?"

ಹೆಸರು ಹೇಳುವುದಿಲ್ಲ, ಊರು ಹೇಳುವುದಿಲ್ಲ, ಸೀದಾ ಭಾಷೆಗೇ ಬರುತ್ತಾರೆ. ಮೊದಲ ನಾಲ್ಕು ಜನರಿಗೆ ಸಮಾಧಾನದಲ್ಲಿ ವಿವರಿಸಿದೆ. ಐದನೆಯವರಿಗೆ "ಲ್ಯಾಟಿನ್" ಅಂದುಬಿಟ್ಟೆ. "ನಾನೂ ಹಾಗೇ ಅಂದುಕೊಂಡೆ" ಅಂತ ಅವರು ಫೋನ್ ಇಟ್ಟರು.

ನನ್ನದು ಕಾಸರಗೋಡಿನ ಕುಂಬಳೆ–ಬದಿಯಡ್ಕ ರಸ್ತೆ ಬದಿಯಲ್ಲಿ ಒಂದು ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಕೋಲದ ನೋಟೀಸು, ಬೊಜ್ಜದ (ಅಂದರೆ ಉತ್ತರಕ್ರಿಯೆಯ) ಕಾಗದ, ಎಲ್ಲದಕ್ಕೂ ಜನ ನನ್ನಲ್ಲಿಗೇ ಬರುತ್ತಾರೆ. ಬರುವವರೆಲ್ಲ ಒಳ್ಳೆಯವರೇ. ಆದರೆ ಒಮ್ಮೆ ಕುರ್ಚಿಯ ಹಿಂದೆ ಬಂದು ನಿಂತರು ಅಂದರೆ ಅವರೊಳಗೆ ಒಬ್ಬ ಡಿಸೈನರ್ ಎದ್ದು ಕೂರುತ್ತಾನೆ. "ಆ ಹೂವನ್ನು ಸ್ವಲ್ಪ ಈಚೆ ತನ್ನಿ." "ಗಣಪತಿ ಇನ್ನೂ ದೊಡ್ಡ ಆಗ್ಲಿ." "ಎಲ್ಲ ಅಕ್ಷರವೂ ಎದ್ದು ಕಾಣಬೇಕು." ಎಲ್ಲವೂ ಎದ್ದು ನಿಂತರೆ ಯಾವುದು ಎದ್ದು ಕಾಣುವುದು ಅಂತ ಕೇಳಿದವನು ಈ ಧಂದೆಯಲ್ಲಿ ಉಳಿಯುವುದಿಲ್ಲ. ನಾನು ಕೇಳುವುದಿಲ್ಲ.

ಇವರಲ್ಲೆಲ್ಲ ದೊಡ್ಡವರು ನಮ್ಮೂರಿನ ಒಂದು ಫ್ರೆಂಡ್ಸ್ ಕ್ಲಬ್ಬಿನ ಸೆಕ್ರೆಟ್ರಿ. ಈ ವರ್ಷ ಕ್ಲಬ್ಬಿನ ವಾರ್ಷಿಕೋತ್ಸವ, ರಾತ್ರಿ ಆಟ. ಆಟ ಅಂದರೆ ನಮ್ಮಲ್ಲಿ ಯಕ್ಷಗಾನ, ಕ್ರಿಕೆಟ್ ಅಲ್ಲ. ಅದಕ್ಕೆ ಒಂದು ದೊಡ್ಡ ಬ್ಯಾನರ್ ಆಗಬೇಕಿತ್ತು. ಮ್ಯಾಟರ್ ಎಲ್ಲ ಟೈಪ್ ಮಾಡಿ ಮುಗಿಯುವಾಗ ಅವರು ನಿಧಾನಕ್ಕೆ ಹೇಳಿದರು: "ಅಕ್ಷರ ಸ್ವಲ್ಪ ಗತ್ತಿಕ್ ಇರಲಿ ಮಾರಾಯ್ರೆ."

ಗತ್ತು ಇರಲಿ ಅಂದರು ಅಂತ ನಾನು ತಿಳಿದುಕೊಂಡೆ. ದಪ್ಪ ಮಾಡಿದೆ. ಅಲ್ಲವಂತೆ. ಔಟ್‌ಲೈನ್ ಕೊಟ್ಟೆ. ಅಲ್ಲವಂತೆ. ಕೊನೆಗೆ ಅವರು ಮೊಬೈಲ್ ತೆಗೆದು, ದುಬೈಯಲ್ಲಿರುವ ಅಳಿಯ ಕಳಿಸಿದ ಒಂದು ಟೀ ಶರ್ಟಿನ ಫೋಟೋ ತೋರಿಸಿದರು. ಕಪ್ಪು ಬಟ್ಟೆ, ಎದೆಯ ಮೇಲೆ ಬಾಣ, ಮುಳ್ಳು, ಕೊಕ್ಕೆ ಎಲ್ಲ ಸೇರಿಸಿ ಹೊಡೆದ ಹಾಗೆ ಇಂಗ್ಲಿಷ್ ಅಕ್ಷರಗಳು. ಓಹೋ, ಗೋಥಿಕ್! ಅಳಿಯ ಗೋಥಿಕ್ ಅಂದದ್ದು ಕಡಲು ದಾಟಿ ಬರುವಾಗ ಗತ್ತಿಕ್ ಆಗಿತ್ತು. ಆದದ್ದೂ ಸರಿಯೇ ಅನ್ನಿ.

ಈ ಫಾಂಟುಗಳ ಹೆಸರಿನ ಅವಾಂತರ ಒಂದು ಬೇರೆಯೇ ಉಂಟು. ಮೆನುವಿನಲ್ಲಿ ಗೋಥಿಕ್ ಅಂತ ಹುಡುಕಿದೆ. ಸೆಂಚುರಿ ಗೋಥಿಕ್ ಬಂತು. ಗುಂಡು ಗುಂಡಗೆ, ಎಣ್ಣೆ ಹಚ್ಚಿ ತಲೆ ಬಾಚಿಕೊಂಡ ಮಗುವಿನ ಹಾಗೆ. "ಇದು ಎಲ್‌ಕೆಜಿ ಪುಸ್ತಕದ್ದು" ಅಂದರು ಸೆಕ್ರೆಟ್ರಿ. ಫ್ರಾಂಕ್ಲಿನ್ ಗೋಥಿಕ್ ಬಂತು. "ಇದು ಬ್ಯಾಂಕಿನ ನೋಟೀಸು." ಅವರ ತಪ್ಪಲ್ಲ. ಅಮೆರಿಕದವರು ಬಾಲ ಕೊಂಬು ಏನೂ ಇಲ್ಲದ ಸಾದಾ ಅಕ್ಷರಕ್ಕೇ ಗೋಥಿಕ್ ಅಂತ ಹೆಸರಿಟ್ಟರು, ಫ್ರಾಂಕ್ಲಿನ್ ಗೋಥಿಕ್ 1902ರ ಅಂಥದೇ ಕೂಸು. ಸೆಕ್ರೆಟ್ರಿಗೆ ಬೇಕಾದ ಮುಳ್ಳಿನ ಅಕ್ಷರಕ್ಕೆ ಬ್ಲ್ಯಾಕ್‌ಲೆಟರ್ ಅನ್ನುತ್ತಾರೆ. ಗುಟೆನ್‌ಬರ್ಗ್ 1450ರ ದಶಕದಲ್ಲಿ ಬೈಬಲ್ ಅಚ್ಚು ಹಾಕಿದ್ದು ಅದರಲ್ಲೇ, ಪುಟಕ್ಕೆ ಎರಡು ಕಾಲಂ, ಕಾಲಮ್ಮಿಗೆ 42 ಸಾಲು, ಶಿರಾಡಿ ಘಾಟಿಯಲ್ಲಿ ನಿಂತ ಲಾರಿಗಳ ಹಾಗೆ ಒತ್ತೊತ್ತಾಗಿ. ಇದನ್ನೆಲ್ಲ ನಾನು ಸೆಕ್ರೆಟ್ರಿಗೆ ಹೇಳಲು ಹೋದೆ. ಅವರು, "ಅದೆಲ್ಲ ಇರಲಿ, ಮಹಿಷಾಸುರ ಬರುವಾಗ ದೊಂದಿ, ಬೊಬ್ಬೆ, ಒಂದು ಗತ್ತು ಉಂಟಲ್ಲ, ಆ ನಮೂನೆ ಬೇಕು" ಅಂದರು.

ಕನ್ನಡದಲ್ಲಿ ಅದು ಇಲ್ಲ ಅಂದೆ.

"ಇಲ್ಲ ಅಂತ ಹೇಗೆ? ನಿಮ್ಮಲ್ಲಿ ಇನ್ನೂರು ಫಾಂಟ್ ಉಂಟಲ್ಲ, ಒಂದೊಂದೇ ನೋಡುವ."

ಇಲ್ಲಿಂದ ಶುರುವಾದದ್ದು ನನ್ನ ನಿಜವಾದ ಗ್ರಹಚಾರ. ಸೆಕ್ರೆಟ್ರಿಗೆ ಒಂದು ಅಭ್ಯಾಸ. ಅವರು ಯಾವುದನ್ನೂ ಹತ್ತಿರದಿಂದ ನೋಡಿ ಒಪ್ಪುವುದಿಲ್ಲ. ಬ್ಯಾನರ್ ಕಟ್ಟುವುದು ರಸ್ತೆಯ ಆಚೆ, ಹಾಗಾಗಿ ನೋಡುವುದೂ ರಸ್ತೆಯ ಆಚೆಯಿಂದಲೇ ಅಂತ ಅವರ ವಾದ. ನನ್ನ ಮಾನಿಟರ್ 19 ಇಂಚಿನದು. ಅದನ್ನು ಬಾಗಿಲಿನ ಕಡೆ ತಿರುಗಿಸಿದರು. ನಾನು ಒಂದು ಫಾಂಟ್ ಹಾಕುವುದು, ಅವರು ಮೆಟ್ಟಿಲಿಳಿದು, ಆಚೆ ಈಚೆ ನೋಡಿ, ರಸ್ತೆ ದಾಟಿ, ಹಾಲಿನ ಸೊಸೈಟಿಯ ಜಗಲಿ ಹತ್ತಿ, ಒಂದು ಕಣ್ಣು ಮುಚ್ಚಿ, ತಲೆ ಓರೆ ಮಾಡಿ ನೋಡುವುದು. ಆಮೇಲೆ ಕೈ ಆಡಿಸುವುದು. ಗತ್ತು ಸಾಲದು. ಮತ್ತೆ ರಸ್ತೆ ದಾಟಿ ಈಚೆ ಬಂದು, "ಇದರ ತಲೆಕಟ್ಟು ಸಪ್ಪೆ ಆಯ್ತು" ಅಂತ ಹೇಳಿ, ಮುಂದಿನದಕ್ಕೆ ಪುನಃ ಆಚೆ. ಒಮ್ಮೆ ಅವರು ಜಗಲಿಯಲ್ಲಿ ನಿಂತಿರುವಾಗ ನಡುವೆ ಬಸ್ಸು ಬಂದು ನಿಂತಿತು. ಆ ಬಸ್ಸಿನಲ್ಲಿದ್ದವರೂ ಕಿಟಕಿಯಿಂದ ನನ್ನ ಮಾನಿಟರನ್ನು ನೋಡತೊಡಗಿದರು. ಕಿಟಕಿ ಪಕ್ಕದ ಒಬ್ಬರು "ಹಿಂದಿನದೇ ಒಳ್ಳೆದಿತ್ತು" ಅಂದರು. ಹಿಂದಿನದನ್ನು ಅವರು ಯಾವಾಗ ನೋಡಿದರೋ!

ನಾನು ಎಣಿಸಿದ್ದೇನೆ, ಸುಳ್ಳಲ್ಲ. ಇಪ್ಪತ್ತಮೂರು ಸಲ ಅವರು ರಸ್ತೆ ದಾಟಿದರು. ನಡುವೆ ಎದುರಿನ ಹೋಟೆಲಿನವರು ಇದೇನೋ ಸರ್ವೆ ಅಂತ ತಿಳಿದು, ರಸ್ತೆ ಅಗಲ ಮಾಡಿದರೆ ತಮ್ಮ ಅಂಗಳ ಎಷ್ಟು ಹೋಗ್ತದೆ ಅಂತ ಕೇಳಿ ಹೋದರು.

ಇಪ್ಪತ್ತನಾಲ್ಕನೆಯ ಸಲ ಅವರು ಆಚೆ ಹೋದಾಗ ನನ್ನ ತಾಳ್ಮೆ ಮುಗಿದಿತ್ತು. ನಿಮಗೆ ಗತ್ತಿಕ್ ಬೇಕಲ್ಲ, ತಗೊಳ್ಳಿ ಅಂತ ಪೂರ್ತಿ ಮ್ಯಾಟರ್ ಸೆಲೆಕ್ಟ್ ಮಾಡಿ ಓಲ್ಡ್ ಇಂಗ್ಲಿಷ್ ಟೆಕ್ಸ್ಟ್ ಫಾಂಟ್ ಒತ್ತಿದೆ.

ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುವವರಿಗೆ ಮುಂದೆ ಆದದ್ದು ಗೊತ್ತೇ ಇರುತ್ತದೆ. ನಾನು ಡಿಸೈನ್ ಮಾಡುವ ಕೋರೆಲ್ ಸಾಫ್ಟ್‌ವೇರ್ ಹಳೆಯದು. ಯೂನಿಕೋಡ್ ಅನ್ನುವ ಹೊಸ ಕ್ರಮದ ಅಕ್ಷರ ಹಾಕಿದರೆ ಒತ್ತಕ್ಷರ ಎಲ್ಲ ಕಳಚಿ ಬೀಳುತ್ತದೆ. ಹಾಗಾಗಿ ಈಗಲೂ ಹಳೇ ಕ್ರಮದ ನುಡಿ ಫಾಂಟೇ ಗತಿ. ಅದರಲ್ಲಿ ಕನ್ನಡ ಅಕ್ಷರ ಕಂಪ್ಯೂಟರಿನ ಒಳಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕಟ್ಟಿದ ವೇಷ. ಫಾಂಟ್ ಬದಲಿಸಿದರೆ ವೇಷ ಕಳಚಿ ಚೌಕಿಯಲ್ಲಿ, ಅಂದರೆ ಆಟದವರ ಬಣ್ಣದ ಮನೆಯಲ್ಲಿ, ಬನಿಯನ್ ಹಾಕಿ ಕೂತವರು ಕಾಣುತ್ತಾರೆ. ‘ಕನ್ನಡ’ ಅಂತ ಬರೆದದ್ದು ಏನಾಗುತ್ತದೆ ಗೊತ್ತಾ? ಒಂದು ಪಿ, ತಲೆ ಮೇಲೆ ಗೀರು ಎಳೆಸಿಕೊಂಡ ಒಂದು ಎ, ನ ಇದ್ದಲ್ಲಿ ಬ್ರಿಟಿಷರ ಪೌಂಡ್ ಗುರುತು, ನ ಒತ್ತು ಇದ್ದಲ್ಲಿ ಜರ್ಮನರ ಎಸ್ಸೆಟ್ ಅಕ್ಷರ, ಆಮೇಲೆ ಒಂದು ಕ್ಯೂ, ನಡುವೆಯೂ ಕೊನೆಗೂ ಪುನಃ ಅದೇ ಎ. ಇಷ್ಟೂ ಈಗ ಮುಳ್ಳು ಕೊಕ್ಕೆ ಬೆಳೆಸಿಕೊಂಡು, ಗುಟೆನ್‌ಬರ್ಗನೇ ಬಂದು ಕೂತ ಹಾಗೆ, ಪರದೆ ತುಂಬ ನಿಂತಿತು.

ರಸ್ತೆಯಾಚೆಯಿಂದ ಬೊಬ್ಬೆ ಕೇಳಿತು. "ಇದೇ! ಇದೇ! ಮುಟ್ಟಬೇಡಿ!"

ಜಗಲಿಯಿಂದ ಒಂದೇ ಹಾರಿಗೆ ಇಳಿದು ಓಡಿ ಬಂದರು. ಸೆಕ್ರೆಟ್ರಿಯವರೇ, ಇದು ಕನ್ನಡ ಅಲ್ಲ ಅಂದೆ. "ಗೊತ್ತಾಗ್ತದೆ ಮಾರಾಯ್ರೆ, ಆದರೆ ಗತ್ತು ನೋಡಿ!" ಯಾರಿಗೂ ಓದಲು ಬರುವುದಿಲ್ಲ ಅಂದೆ. "ಆಟ ಉಂಟು ಅಂತ ಊರಿಗೇ ಗೊತ್ತುಂಟಲ್ಲ, ಓದುವುದು ಎಂಥಕ್ಕೆ?" ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ನಾನು ಕಂಟ್ರೋಲ್ ಝಡ್ ಒತ್ತಿದೆ. ತಡವಾಗಿತ್ತು. ಅವರು ಆಚೆ ಜಗಲಿಯಲ್ಲಿ ನಿಂತೇ ಝೂಮ್ ಮಾಡಿ ಫೋಟೋ ಹೊಡೆದು, ನಾಲ್ಕು ವಾಟ್ಸಾಪ್ ಗುಂಪಿಗೆ ಹಾಕಿ ಆಗಿತ್ತು. ಒಂದು ಕ್ಲಬ್ಬಿನದು, ಒಂದು ದುಬೈಯವರದು, ಒಂದು ಅಡಿಕೆ ರೇಟಿನದು, ನಾಲ್ಕನೆಯದು ಯಾವುದು ಅಂತ ಅವರಿಗೇ ನೆನಪಿಲ್ಲ. ಫಾಂಟ್ ಬದಲಾದಾಗ ಅಂಕಿಗಳು ಮಾತ್ರ ಅಂಕಿಗಳಾಗಿಯೇ ಉಳಿಯುತ್ತವೆ. ಅಂದರೆ ಆ ಇಡೀ ಬ್ಯಾನರಿನಲ್ಲಿ ಓದಲು ಬರುತ್ತಿದ್ದದ್ದು ಎರಡೇ ಎರಡು. ಆಟದ ತಾರೀಕು, ಮತ್ತು ಕೆಳಗೆ ಮೂಲೆಯಲ್ಲಿ ನಾನೇ ಹೆಮ್ಮೆಯಿಂದ ಹಾಕಿಕೊಂಡ ನನ್ನ ಮೊಬೈಲ್ ನಂಬರು.

ಆ ರಾತ್ರಿಯೇ ಶುರುವಾಯಿತು. ಇಗರ್ಜಿಯ ಹಬ್ಬವಾ ಅಂತ ಒಬ್ಬರು. ಹಾಡಿನ ಬ್ಯಾಂಡ್ ಬರುತ್ತದಾ ಅಂತ ಕಾಲೇಜು ಹುಡುಗ. ಯಕ್ಷಗಾನದ ನ ದಲ್ಲೂ ಒಂದು ಪೌಂಡ್ ಗುರುತು ಇತ್ತಲ್ಲ, ಅದನ್ನು ನೋಡಿ ಅಬುಧಾಬಿಯಿಂದ ಒಬ್ಬರು, "ಟಿಕೆಟ್ ಪೌಂಡಿನಲ್ಲಾ? ದಿರ್ಹಮ್ ಆಗುವುದಿಲ್ವಾ?" ಬಯಲಾಟ ಮಾರಾಯ್ರೆ, ಟಿಕೆಟ್ಟೇ ಇಲ್ಲ ಅಂದರೆ ನಂಬಲಿಲ್ಲ. ಇಷ್ಟು ಗತ್ತಿನ ಪೋಸ್ಟರ್ ಹಾಕಿ ಪುಕ್ಕಟೆ ತೋರಿಸುವವರು ಉಂಟಾ?

ಇದೆಲ್ಲ ಹೇಗೋ ತಡೆದುಕೊಂಡೆ. ಮರುದಿನ ಬೆಳಿಗ್ಗೆ ನಮ್ಮ ಮಾಷ್ಟ್ರು ಫೋನ್ ಮಾಡಿದರು. ಎರಡನೇ ಕ್ಲಾಸಿನಲ್ಲಿ ನನಗೆ ಕನ್ನಡ ಕಲಿಸಿದವರು. ರಿಟೈರ್ ಆಗಿ ವರ್ಷ ಎಷ್ಟೋ ಆಯಿತು.

"ನಿನಗೆ ಕಾಗುಣಿತ ಕಲಿಸಿದ್ದು ನಾನೇ ಅಲ್ವಾ?"

"ಹೌದು ಮಾಷ್ಟ್ರೇ."

"ಅದರಲ್ಲಿ ಪೌಂಡು ಇರಲಿಲ್ಲ."

ಇಷ್ಟೇ ಹೇಳಿ ಇಟ್ಟರು. ಬೈದಿದ್ದರೆ ಎಷ್ಟೋ ಒಳ್ಳೆದಿತ್ತು.

ಸೆಕ್ರೆಟ್ರಿಯ ಮೇಲೆ ನನಗೆ ಸಿಟ್ಟು ಇರುವುದು ಹೌದು. ಆದರೆ ಅವರು ನಡುವೆ ಒಂದು ಮಾತು ಅಂದರು, ಅದು ಮಾತ್ರ ಚುಚ್ಚಿತು. ಬ್ಯಾನರಿನ ಕೆಳಗೆ ಎರಡು ಸಾಲು ಮಲಯಾಳವೂ ಇತ್ತು, ನಮ್ಮಲ್ಲಿ ಎರಡೂ ಬೇಕು. ಅದಕ್ಕೆ ನಾನು ಒಂದು ಬಾಗಿದ, ಕುಂಚದಲ್ಲಿ ಎಳೆದಂಥ ಫಾಂಟ್ ಹಾಕಿದ್ದೆ. ಅವರು ನೋಡಿ, "ಮಲಯಾಳದಲ್ಲಿ ಇಷ್ಟು ಚಂದ ಬರ್ತದೆ, ಕನ್ನಡಕ್ಕೆ ಮಾತ್ರ ಯಾಕೆ ಇಲ್ಲ?" ಅಂದರು. ಕನ್ನಡಕ್ಕೆ ಒಂದೂ ಇಲ್ಲ ಅಂತಲ್ಲ. ಆದರೆ ನನ್ನ ಕೈಗೆ ಸಿಗುವ ಗತ್ತಿನ ಫಾಂಟು ಬೆರಳೆಣಿಕೆ. ತೀರಾ ದಪ್ಪ ಬೇಕಾದಾಗ ನಾನು ಬೇರೆ ಸಾಫ್ಟ್‌ವೇರಿನಲ್ಲಿ ಬಾಲೂ ತಮ್ಮ ಅನ್ನುವ ಫಾಂಟ್ ಹಾಕಿ ತರುತ್ತೇನೆ. ಮುಂಬೈಯ ಏಕ್ ಟೈಪ್‌ನವರು ಮಾಡಿದ್ದು, ಪುಕ್ಕಟೆ ಸಿಗುತ್ತದೆ, ಕೆನ್ನೆ ಊದಿದ ಮಗುವಿನ ಹಾಗೆ ಚಂದ ಇದೆ. ಆದರೆ ನಾಮಕರಣಕ್ಕೂ ಅದೇ, ಬೊಜ್ಜಕ್ಕೂ ಅದೇ ಆಗಿಬಿಟ್ಟಿದೆ. ಅದರಲ್ಲಿ ಶ್ರದ್ಧಾಂಜಲಿ ಅಂತ ಬರೆದರೆ ತೀರಿಹೋದವರು ಬಲೂನ್ ಹಿಡಿದು ಹೋದ ಹಾಗೆ ಕಾಣುತ್ತದೆ. ಇನ್ನೊಂದು ಸಂಗತಿ. ಆ ಫಾಂಟಿನ ಮನೆಯಲ್ಲಿ ಒಂದೊಂದು ಭಾಷೆಗೆ ಒಂದೊಂದು ಹೆಸರು. ಕನ್ನಡದ್ದು ಬಾಲೂ ತಮ್ಮ. ಮಲಯಾಳದ್ದು ಬಾಲೂ ಚೇಟ್ಟನ್. ಚೇಟ್ಟನ್ ಅಂದರೆ ಅಣ್ಣ. ಬೇರೆಯವರಿಗೆ ಇದು ತಮಾಷೆ. 1956ರಿಂದ ಕೇರಳದಲ್ಲಿ ಕೂತು ಕನ್ನಡ ಬೋರ್ಡ್ ಬರೆಯುವ ಕಾಸರಗೋಡಿನವನಿಗೆ ಫಾಂಟ್ ಮೆನುವಿನಲ್ಲೂ ತಾನು ತಮ್ಮನೇ ಅಂತ ಕಂಡರೆ, ನಗು ಬರುತ್ತದೆ, ಸ್ವಲ್ಪ ತಡೆದು ಬರುತ್ತದೆ.

ಹಾಗಂತ ಕನ್ನಡಕ್ಕೆ ಮುಳ್ಳು ಬೇಕು ಅಂತಲೂ ನನಗೆ ಅನ್ನಿಸುವುದಿಲ್ಲ. ಇಲ್ಲೇ ಪಕ್ಕದ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು ಊರಲ್ಲಿ ಓದಿ ಬೆಳೆದದ್ದು ಇದೇ ಮುಳ್ಳಿನ ಅಕ್ಷರದ ಪುಸ್ತಕಗಳನ್ನು. ಆ ಅಕ್ಷರಕ್ಕೆ ಅವರಲ್ಲಿ ಇರುವ ಫ್ರಾಕ್ಟುರ್ ಅನ್ನುವ ಹೆಸರಿನ ಮೂಲ ಅರ್ಥವೇ ಮುರಿದದ್ದು. ಅವರೇ 1843ರಲ್ಲಿ ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ತೆಗೆದಾಗ ಕನ್ನಡವನ್ನು ದುಂಡಗೇ ಬಿಟ್ಟರು. ಕಿಟೆಲರಿಗೂ ಕನ್ನಡವನ್ನು ಮುರಿಯಬೇಕು ಅನ್ನಿಸಲಿಲ್ಲ. ಅನ್ನಿಸಿದ್ದು ನಮ್ಮ ಸೆಕ್ರೆಟ್ರಿಗೆ.

ಮೊದಲೆಲ್ಲ ಗತ್ತು ಬೇಕಾದರೆ ಪೈಂಟರ್ ಹತ್ತಿರ ಹೋಗುತ್ತಿದ್ದರು. ನಮ್ಮ ಪೇಟೆಯಲ್ಲಿ ಒಬ್ಬರಿದ್ದರು. ನನ್ನ ಅಪ್ಪನ ಜೀನಸಿನಂಗಡಿಯ ತಗಡಿನ ಬೋರ್ಡ್ ಬರೆದದ್ದು ಅವರೇ. ಚಾಕ್‌ಪುಡಿ ಮೆತ್ತಿದ ನೂಲನ್ನು ನಾನು ಒಂದು ಕೊನೆಯಲ್ಲಿ ಹಿಡಿದುಕೊಳ್ಳಬೇಕಿತ್ತು. ಅವರು ನಡುವೆ ಎಳೆದು ಬಿಟ್ಟರೆ ಟಪ್ ಅಂತ ಒಂದು ಬಿಳಿ ಗೆರೆ. ಶ್ರೀ ಬರೆಯುವಾಗ ಬೀಡಿ ಆರಿಸಿ ಕಿವಿಯ ಮೇಲಿಡುತ್ತಿದ್ದರು. ಒಂದೇ ಎಳೆತ, ನಡುವೆ ಕುಂಚ ಎತ್ತುತ್ತಿರಲಿಲ್ಲ, ಆ ಒಂದು ನಿಮಿಷ ಅಪ್ಪ ಗಿರಾಕಿಗೆ ಸಕ್ಕರೆಯನ್ನೂ ತೂಗುತ್ತಿರಲಿಲ್ಲ. ಜಾಸ್ತಿ ಗತ್ತು ಬೇಕು ಅಂದರೆ ಕೆಂಪು ಶೇಡು, ಅದಕ್ಕೆ ರೇಟು ಬೇರೆ. ಅವರಲ್ಲಿ ಫಾಂಟ್ ಮೆನು ಇರಲಿಲ್ಲ. ರಸ್ತೆಯಾಚೆ ಹೋಗಿ ನೋಡಿ ಬರುವ ಕೆಲಸವನ್ನೂ ಅವರೇ ಮಾಡುತ್ತಿದ್ದರು, ದಿನಕ್ಕೆ ಒಂದು ಸಲ, ಚಾ ಕುಡಿಯಲು ಹೋದಾಗ. ಅಂಗಡಿ ಮುಚ್ಚಿ ಬಹಳ ವರ್ಷ ಆಯಿತು. ತಗಡು ಈಗ ನಮ್ಮ ಕೋಳಿಗೂಡಿನ ಮಾಡು. ಸಾಮಾನಿನ ಹೆಸರೆಲ್ಲ ತುಕ್ಕು ತಿಂದಿದೆ, ಶ್ರೀ ಹಾಗೇ ಇದೆ.

ಬ್ಯಾನರ್ ನಿನ್ನೆ ಪ್ರಿಂಟ್ ಆಗಿ ಬಂತು. ಕನ್ನಡದಲ್ಲೇ. ದಪ್ಪ ಅಕ್ಷರ, ಹಳದಿ, ಸುತ್ತ ಕೆಂಪು ಶೇಡು. ಶ್ರೀಯನ್ನು ಮಾತ್ರ ನಾನು ಆ ತಗಡಿನ ಫೋಟೋ ಹೊಡೆದು, ಮೌಸಿನಲ್ಲಿ ಸುತ್ತ ಗೆರೆ ಎಳೆದು ತೆಗೆದದ್ದು. ಅದಕ್ಕೇ ಒಂದೂವರೆ ಗಂಟೆ ಹೋಯಿತು, ಬಿಲ್ಲಿನಲ್ಲಿ ಹಾಕಲಿಲ್ಲ. ನನ್ನ ಮೊಬೈಲ್ ನಂಬರ್ ತೆಗೆದುಬಿಟ್ಟೆ.

ಹುಡುಗರು ಹಾಲಿನ ಸೊಸೈಟಿಯ ಪಕ್ಕ ಕಟ್ಟಿದರು. ಸೆಕ್ರೆಟ್ರಿ ಈ ಸಲ ನನ್ನ ಅಂಗಡಿಯ ಮೆಟ್ಟಿಲಲ್ಲಿ ನಿಂತು ಆಚೆ ನೋಡಿದರು. ಒಂದು ಕಣ್ಣು ಮುಚ್ಚಿದರು. ತಲೆ ಓರೆ ಮಾಡಿದರು. ತುಂಬ ಹೊತ್ತು ಸುಮ್ಮನಿದ್ದು, ಬೇಸರದಲ್ಲಿ ಹೇಳಿದರು:

"ಈಗ ಓದ್ಲಿಕ್ಕೆ ಆಗ್ತದೆ."